ಯೆಜ್ಡಿ ಟ್ಯಾಂಕಿಗೆ ಕಾಕಂಬಿ, ಚಾಸಿಗೆ ಅಡಿಕೆ ಚೊಗರು: ನನ್ನ ಅನುಭವ

ನಮ್ಮ ಮಲೆನಾಡಿನಲ್ಲಿ ತುಕ್ಕು ತೆಗೆಯುವುದು ದೊಡ್ಡ ಕೆಲಸವೇ ಅಲ್ಲ. ಯಾವ ಆಸಿಡ್ ಸುರಿದರೂ ಹೋಗುತ್ತದೆ. ಕಷ್ಟ ಇರುವುದು ತೆಗೆದ ಮೇಲಿನ ಅರ್ಧ ಗಂಟೆಯಲ್ಲಿ. ಆಷಾಢದಲ್ಲಿ ತೀರ್ಥಹಳ್ಳಿ ಕಡೆ ಬರೀ ಕಬ್ಬಿಣವನ್ನು ತೊಳೆದಿಟ್ಟು, ಒಳಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ಮತ್ತೆ ಕಿತ್ತಳೆ ಬಣ್ಣ ಹತ್ತಿರುತ್ತದೆ. ಆ ಅರ್ಧ ಗಂಟೆ ಗೆಲ್ಲುವುದಕ್ಕೆ ನನಗೆ ನಾಲ್ಕೈದು ಮಳೆಗಾಲ ಹಿಡಿಯಿತು. ಹೋದ ವರ್ಷ ಮಳೆ ಹಿಡಿಯುವ ಮುಂಚೆ ಮುಗಿಸಿದ ಬೈಕಿನ ಪೆಟ್ರೋಲ್ ಟ್ಯಾಂಕಿನೊಳಗೆ ಮೊನ್ನೆ ಕ್ಯಾಮೆರಾ ಇಳಿಸಿ ನೋಡಿದೆ. ತಳ ಸಲೇಟಿನ ಬಣ್ಣದಲ್ಲೇ ಇದೆ. ವೆಲ್ಡಿಂಗ್ ಜಾಯಿಂಟ್ ಉದ್ದಕ್ಕೂ ಒಂದು ಚುಕ್ಕೆ ತುಕ್ಕಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಚೊಗರು ಎಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಒಗರು ರಸ.

ಗಾಡಿ ಯೆಜ್ಡಿ 250 ಬೈಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಆ ಕಾರ್ಖಾನೆಯ ಯೆಜ್ಡಿ ಎಷ್ಟೇ ಹೊಸದು ಹಿಡಿದರೂ ಮೂವತ್ತು ವರ್ಷದ ಹತ್ತಿರ ಹಳೆಯದು. ನನ್ನದು ಇನ್ನೂ ಹಳೆಯದು, ಅದರ ಮೇಲೆ ವರ್ಷಗಟ್ಟಲೆ ಅಡಿಕೆ ಚಪ್ಪರದ ಕೆಳಗೆ ಸೋಗೆ ಹೊದ್ದು ನಿಂತಿತ್ತು. ಟ್ಯಾಂಕ್ ಅಲುಗಾಡಿಸಿದರೆ ಒಳಗೆ ಮರಳು ಸರಿದಾಡಿದಂತೆ ಸದ್ದು.

"ಹೊಸ ಟ್ಯಾಂಕ್ ತರಿಸಬಹುದಿತ್ತಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ತರಿಸಿದ್ದೆ. ದೆಹಲಿಯಿಂದ, ಕೊರಿಯರ್ ಸೇರಿ ₹5,500 ಆಸುಪಾಸು. ತಗಡು ತೆಳ್ಳಗೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಚಾಸಿ ಮೇಲೆ ಇಟ್ಟರೆ ಒಂದು ಬದಿಗೆ ವಾಲುತ್ತದೆ. ವಾಪಸ್ ತಗೊಳ್ಳಲಿಲ್ಲ. ಅದೀಗ ಗೊಬ್ಬರದ ಕೊಟ್ಟಿಗೆಯ ಗೋಡೆಗೆ ನೇತಾಡುತ್ತಿದೆ. ಒರಿಜಿನಲ್ ತಗಡಿನ ದಪ್ಪ ಬೇರೆಯೇ. ಅದನ್ನು ಉಳಿಸಿಕೊಳ್ಳುವುದೇ ಲಾಭ.

ಮೊದಲು ಗ್ಯಾರೇಜ್ ಪದ್ಧತಿ, ಅಂದರೆ ಟಾಯ್ಲೆಟ್ ಆಸಿಡ್. ಶಿವಮೊಗ್ಗದಲ್ಲಿ ಒಬ್ಬ ಮೇಸ್ತ್ರಿ ₹800 ತಗೊಂಡು ಆರ್‌ಎಕ್ಸ್ 100 ಬೈಕಿನ ಟ್ಯಾಂಕ್ ಮಾಡಿಕೊಟ್ಟಿದ್ದರು. ಹೊಳಪು ನೋಡಿ ಖುಷಿಪಟ್ಟು ಬಸ್ಸಿನಲ್ಲಿ ತಂದೆ. ಮನೆ ಸೇರುವಷ್ಟರಲ್ಲಿ ಒಳಗೆಲ್ಲ ಅರಿಶಿನ ಬಳಿದ ಬಣ್ಣ. ತಿಂಗಳೊಪ್ಪತ್ತರಲ್ಲಿ ಕೆಳಗಿನ ಜಾಯಿಂಟಿನಲ್ಲಿ ಸೂಜಿ ಮೊನೆಯಷ್ಟು ತೂತು, ಪೆಟ್ರೋಲ್ ವಾಸನೆ. ಆಸಿಡ್ ತುಕ್ಕು ತಿಂದು ಅಲ್ಲಿಗೇ ನಿಲ್ಲುವುದಿಲ್ಲ, ತಗಡಿಗೂ ಬಾಯಿ ಹಾಕುತ್ತದೆ. ಜಾಯಿಂಟಿನ ಸಂದಿಯಲ್ಲಿ ಕೂತ ಆಸಿಡ್ಡನ್ನು ಎಷ್ಟು ತೊಳೆದರೂ ಪೂರ್ತಿ ತೆಗೆಯೋಕಾಗಲ್ಲ. ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಆ ಆಸಿಡ್ ಬಾಟಲಿಯ ಮುಚ್ಚಳ ತೆಗೆದು ಶೆಡ್ಡಿನಲ್ಲಿ ಇಟ್ಟರೆ ಬರೀ ಹೊಗೆಗೇ ಪಕ್ಕದ ಸ್ಪ್ಯಾನರ್‌ಗಳೆಲ್ಲ ತುಕ್ಕು ಹಿಡಿಯುತ್ತವೆ. ನನ್ನ ಒಂದು ರಿಂಗ್ ಸ್ಪ್ಯಾನರ್ ಸೆಟ್ ಹೀಗೇ ಹೋಯಿತು.

ಆಮೇಲೆ ಕರೆಂಟ್ ವಿಧಾನ. ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಆನೋಡಿಗೆ, ಅಂದರೆ ಚಾರ್ಜರಿನ ಪ್ಲಸ್ ತಂತಿಗೆ, ಮನೆ ಕಟ್ಟಿ ಉಳಿದ ಸರಳು. ಸ್ಟ್ಯಾಂಡ್, ಚೈನ್ ಕವರ್, ಮಡ್‌ಗಾರ್ಡ್ ಕ್ಲಾಂಪಿಗೆ ಇದು ಒಳ್ಳೆಯದೇ, ಈಗಲೂ ಮಾಡುತ್ತೇನೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಮಾತ್ರ ಆನೋಡಿಗೆ ಹಾಕಬೇಡಿ. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಸ್ಪ್ರಿಂಗುಗಳನ್ನೂ ಹಾಕಬೇಡಿ, ಪೆಡಸಾಗಿ ಮುರಿಯುತ್ತವೆ. ಟ್ಯಾಂಕಿಗೆ ಬಂದರೆ ಸರಳು ಎದುರಿಗೆ ಕಾಣುವ ಜಾಗ ಮಾತ್ರ ಚೊಕ್ಕವಾಗುತ್ತದೆ, ನಡುವಿನ ಉಬ್ಬಿನ ಆಚೆ ಬದಿ ಹಾಗೇ ಉಳಿಯುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಹೈಡ್ರೋಜನ್ ತುಂಬುವ ಭಯ ಬೇರೆ. ಎಲ್ಲಕ್ಕಿಂತ ದೊಡ್ಡ ತೊಂದರೆ ನಮ್ಮೂರಿನದು. ಜುಲೈನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ.

ನಡುವೆ ಟಿಲ್ಲರ್ ಪ್ರಯೋಗವೂ ನಡೆಯಿತು. ಟ್ಯಾಂಕಿಗೆ ಹಳೇ ಕಂಬಳಿ ಸುತ್ತಿ, ಒಳಗೆ ಸಣ್ಣ ನಟ್ಟುಗಳನ್ನು ಹಾಕಿ, ಜ್ಯಾಕ್ ಕೊಟ್ಟು ಎತ್ತಿದ ಪವರ್ ಟಿಲ್ಲರಿನ ಚಕ್ರಕ್ಕೆ ಸೈಕಲ್ ಟ್ಯೂಬಿನಲ್ಲಿ ಬಿಗಿದು, ನಿಧಾನಕ್ಕೆ ಒಂದು ಗಂಟೆ ತಿರುಗಿಸಿದೆ. ಪದರ ಪದರವಾಗಿ ಎದ್ದ ತುಕ್ಕಿಗೆ ಇದಕ್ಕಿಂತ ಚೆನ್ನಾದ ಉಪಾಯ ಇಲ್ಲ. ಲೋಟದ ತುಂಬ ಪುಡಿ ಬಂತು. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಜಲ್ಲಿ ಹಾಕಬೇಡಿ, ಅದು ಒಳಗೇ ಒಡೆದು ಚೂರಾಗುತ್ತದೆ. ಟಿಲ್ಲರ್ ಭಾವನದು. ಡೀಸೆಲ್ ಲೆಕ್ಕ ಈಗಲೂ ಕೇಳುತ್ತಾರೆ.

ಉಪ್ಪಾಗೆ ಎಂಬ ಕಾಡುಹಣ್ಣಿನ ಹುಳಿಯಲ್ಲೂ ನೋಡಿದೆ. ಒಣ ಸಿಪ್ಪೆ ನೆನೆಸಿದ ನೀರಲ್ಲಿ ಬೋಲ್ಟ್, ವಾಷರ್ ಎಲ್ಲ ಎರಡು ದಿನಕ್ಕೆ ಚೊಕ್ಕ. ಆದರೆ ಸಿಪ್ಪೆಗೆ ಸಿಗುವ ರೇಟು ನೋಡಿದರೆ ಅದನ್ನು ಮಾರಿ ಹೊಸ ಬೋಲ್ಟ್ ತರುವುದೇ ವಾಸಿ. ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಅದೇ ಕೆಲಸ ಮಾಡುತ್ತದೆ, ಕಿಲೋಗೆ ₹200 ಒಳಗೆ.

ಈಗ ಕಾಕಂಬಿ. ದನದ ಹಿಂಡಿ ಮಾರುವವರ ಹತ್ತಿರ ಸಿಕ್ಕಿತು. ಕಿಲೋಗೆ ₹20ರ ಹತ್ತಿರ ಕೊಟ್ಟ ನೆನಪು. ಒಂದು ಕ್ಯಾನ್ ತಂದರೆ ನಾಲ್ಕು ಟ್ಯಾಂಕಿಗೆ ಧಾರಾಳ. ಒಂದು ಪಾಲು ಕಾಕಂಬಿಗೆ ಎಂಟು-ಒಂಬತ್ತು ಪಾಲು ನೀರು. ಇದು ತುಕ್ಕನ್ನಷ್ಟೇ ಹಿಡಿದು ಕರಗಿಸುತ್ತದೆ, ಒಳ್ಳೆಯ ಕಬ್ಬಿಣದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಹೊರಗಿನ ಹಳೇ ಬಣ್ಣದ ಮೇಲೆ ಚೆಲ್ಲಿದರೂ ಒರೆಸಿದರೆ ಸಾಕು. ಗ್ಯಾರೇಜಿನ ಮೇಸ್ತ್ರಿಗೆ ಹೇಳಿದಾಗ, "ಏನ್ ಸಾರ್, ದನಕ್ಕೆ ಹಾಕೋದನ್ನ ಬೈಕಿಗೆ ಹಾಕ್ತೀರಾ? ಹಾಲು ಕೊಡುತ್ತಾ?" ಎಂದು ನಕ್ಕಿದ್ದರು.

ಮೊದಲ ಸಲ ನಗುವಂತೆಯೇ ಆಯಿತು. ಎರಡು ವಾರ ಬಿಟ್ಟು ಚೆಲ್ಲಿದರೆ ಟ್ಯಾಂಕ್ ಹೇಗಿತ್ತೋ ಹಾಗೇ ಇತ್ತು. ಕ್ಯಾಮೆರಾ ಬಿಟ್ಟಾಗ ಕಾರಣ ಕಂಡಿತು. ಮೊಬೈಲಿಗೆ ಸಿಕ್ಕಿಸುವ ಸಣ್ಣ ವೈರ್ ಕ್ಯಾಮೆರಾ, ₹700-800ಕ್ಕೆ ಸಿಗುತ್ತದೆ, ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಟೂ ಸ್ಟ್ರೋಕ್ ಗಾಡಿ, ಆಯಿಲ್ ಬೆರೆಸಿದ ಪೆಟ್ರೋಲ್. ಪೆಟ್ರೋಲ್ ಆರಿ ಹೋಗಿ ಆಯಿಲ್ ಗೋಂದಾಗಿ ತುಕ್ಕಿನ ಮೇಲೆ ಕೂತುಬಿಟ್ಟಿದೆ. ಕಾಕಂಬಿಗೆ ತುಕ್ಕು ಸಿಕ್ಕೇ ಇಲ್ಲ. ಆಮೇಲಿಂದ ಮೊದಲ ಕೆಲಸವೇ ಗೋಂದು ತೆಗೆಯುವುದು. ಹಂಡೆಯ ಕುದಿಯುವ ನೀರಿಗೆ ಎರಡು ಹಿಡಿ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ರಾತ್ರಿಯಿಡೀ. ಬೆಳಿಗ್ಗೆ ಚೆಲ್ಲಿ ಇನ್ನೊಂದು ಸಲ. ಬರುವ ನೀರು ಕಪ್ಪು ಬಿಟ್ಟು ಕೆಂಪಾದಾಗ ಗೋಂದು ಹೋಗಿದೆ ಎಂದು ಲೆಕ್ಕ.

ಟ್ಯಾಂಕಿನ ಪೆಟ್ರೋಲ್ ಟ್ಯಾಪ್ ಬಿಚ್ಚಿ, ತೂತಿಗೆ ಬೋಲ್ಟ್ ಹಾಕಿ, ಟ್ಯೂಬ್ ಕತ್ತರಿಸಿದ ವಾಷರ್ ಕೊಡಿ. ಟ್ಯಾಪನ್ನು ಮಾತ್ರ ಕಾಕಂಬಿಗೆ ಹಾಕಬೇಡಿ. ಕಾರ್ಬೊರೇಟರ್, ಹಬ್ ಕೂಡ ಬೇಡ. ಅಲ್ಯೂಮಿನಿಯಂ, ಸತು ಇರುವುದನ್ನೆಲ್ಲ ಅದು ಕಪ್ಪು ಮಾಡಿ ತಿನ್ನುತ್ತದೆ. ಮುಚ್ಚಳವನ್ನು ಸಡಿಲವಾಗಿ ಇಡಿ. ಹುಳಿ ಬಂದು ಗ್ಯಾಸ್ ಏಳುತ್ತದೆ, ನೊರೆ ಬರುತ್ತದೆ, ಹೆಂಡದಂಗಡಿ ವಾಸನೆ ಹೊಡೆಯುತ್ತದೆ. ಇರುವೆ ಬರುತ್ತದೆ. ಪಕ್ಕದ ಮನೆಯ ಹಸು ಬಂದು ಸಣ್ಣ ಭಾಗಗಳನ್ನು ನೆನೆಸಿಟ್ಟ ಡ್ರಮ್ಮಿಗೆ ಮೂತಿ ಹಾಕಿ ಉರುಳಿಸಿ, ಚೈನ್ ಕವರ್, ಸ್ಟ್ಯಾಂಡ್ ಎಲ್ಲ ಅಂಗಳದ ತುಂಬ ಹರಡಿದ್ದೂ ಆಗಿದೆ.

ಬಿಸಿಲು ಕಾಲದಲ್ಲಿ ವಾರ, ಹತ್ತು ದಿನ ಸಾಕು. ಮಳೆಯಲ್ಲಿ ನೀರು ತಣ್ಣಗಿದ್ದು ಮೂರು ವಾರ ಆದರೂ ಮುಗಿಯುವುದಿಲ್ಲ. ಅದಕ್ಕೆ ಬಚ್ಚಲು ಮನೆಗೆ ಸಾಗಿಸಿದೆ. ಹಂಡೆ ಒಲೆಯ ಹಿಂಬದಿ ಗೋಡೆ ದಿನವಿಡೀ ಬೆಚ್ಚಗಿರುತ್ತದೆ. ಅಲ್ಲಿಟ್ಟರೆ ಮಳೆಗಾಲದಲ್ಲೂ 10-12 ದಿನ. ಸೋಡಾ ನೀರಲ್ಲಿ ಎರಡು ಸಲ ತೊಳೆದು ಪೆಟ್ರೋಲ್ ವಾಸನೆ ಒಂಚೂರೂ ಇಲ್ಲ ಎಂದಾದ ಮೇಲೆ ಮಾತ್ರ ಒಲೆ ಹತ್ತಿರ, ಇದರಲ್ಲಿ ಸಲಿಗೆ ಬೇಡ. ಮನೆಯವಳು ಸ್ನಾನಕ್ಕೆ ಹೋದಾಗಲೆಲ್ಲ ಬೈದಳು. ಆ ವಾಸನೆಗೆ ಬೈದರೆ ತಪ್ಪಿಲ್ಲ.

ಇನ್ನು ಆ ಅರ್ಧ ಗಂಟೆ. ಟ್ಯಾಂಕಿನೊಳಗೆ ಗೆದ್ದದ್ದು ಬಿಸಿನೀರಿನಿಂದ. ಕಾಕಂಬಿ ಚೆಲ್ಲಿದ ಕೂಡಲೇ ತಣ್ಣೀರು ಹಾಕಬೇಡಿ. ಹಂಡೆಯಲ್ಲಿ ಮರಳುವ ನೀರನ್ನೇ ಸುರಿದು ಕುಲುಕಿ. ಕೊನೆಯ ಸಲದ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ. ತಗಡು ಕೈ ಇಡಲಾಗದಷ್ಟು ಕಾದಿರುತ್ತದೆ, ನೀರು ಚೆಲ್ಲಿದ ಮೇಲೆ ಆ ಕಾವಿಗೇ ಒಳಗೆ ಆರುತ್ತದೆ. ಉಳಿದ ತೇವಕ್ಕೆ ಅಡಿಕೆಗೆ ಔಷಧಿ ಹೊಡೆಯುವ ಸ್ಪ್ರೇಯರಿನ ಬ್ಲೋವರ್ ಹಚ್ಚಿದರೆ ಹತ್ತು ನಿಮಿಷ. ತಗಡು ತಣ್ಣಗಾದ ಕೂಡಲೇ ಅರ್ಧ ಲೀಟರ್ ಪೆಟ್ರೋಲಿಗೆ ಧಾರಾಳವಾಗಿ ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನದು) ಬೆರೆಸಿ, ಎಲ್ಲಾ ಮೂಲೆಗೂ ತಾಗುವಂತೆ ಹೊರಳಿಸಿ. ಟ್ಯಾಂಕಿನ ಮೇಲ್ಛಾವಣಿ, ಪೆಟ್ರೋಲ್ ಮುಟ್ಟದ ಜಾಗ, ಅದಕ್ಕೆ ನಾನು ಬೇರೆ ಒಂದು ಮಾಡುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಚಾಸಿ, ಸ್ಟ್ಯಾಂಡ್, ಹ್ಯಾಂಡಲ್ ಕ್ಲಾಂಪ್ ಇಂಥವಕ್ಕೆ ಬಿಸಿನೀರು ಸಾಲದು. ಅವನ್ನು ಪ್ರೈಮರ್ ಹೊಡೆಯುವವರೆಗೂ ದಿನಗಟ್ಟಲೆ ಕಾಪಾಡಬೇಕು. ಇಲ್ಲಿ ಚೊಗರು ಬಂತು.

ಅಡಿಕೆ ಸುಲಿಯುವ ಮನೆಯಲ್ಲಿ ಬೆಳೆದವರು ಮೆಟ್ಟುಗತ್ತಿ ನೋಡಿರುತ್ತೀರಿ. ಸುಗ್ಗಿಯಲ್ಲಿ ಅದರ ಅಲಗು ಕಪ್ಪಾಗಿರುತ್ತದೆ. ಸುಲಿಯುವವರ ಬೆರಳೂ ಕಪ್ಪು. ರಾತ್ರಿಯಿಡೀ ಒದ್ದೆಯಲ್ಲಿ ಬಿದ್ದಿದ್ದರೂ ಅಲಗಿಗೆ ಕೆಂಪು ತುಕ್ಕು ಏಳುವುದಿಲ್ಲ. ಹಸಿ ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಈ ಕಪ್ಪು. ಪೇಟೆಯಲ್ಲಿ ರಸ್ಟ್ ಕನ್ವರ್ಟರ್ ಎಂದು ಸಣ್ಣ ಬಾಟಲಿಗೆ ₹500-600 ತಗೊಳ್ಳುತ್ತಾರಲ್ಲ, ಅವುಗಳಲ್ಲಿ ಹಲವಕ್ಕೆ ಇದೇ ಟ್ಯಾನಿನ್ ಆಧಾರ. ನಮ್ಮ ಮನೆಯಲ್ಲಿ ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಅದು ಕೊಡಗಟ್ಟಲೆ ಇರುತ್ತದೆ. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಘದವರು ಚೊಗರಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ, ನಾನು ಕಬ್ಬಿಣಕ್ಕೆ ಹಾಕಿದೆ.

ಹಲವು ಹಂಡೆ ಅಡಿಕೆ ಬೆಂದು ಮಂದವಾದ ಚೊಗರೇ ಆಗಬೇಕು. ಮೊದಲ ಬೇಯುವಿಕೆಯದು ತೆಳು, ಹಚ್ಚಿದರೆ ಕಲೆ ಕಲೆ. ಬಟ್ಟೆಯಲ್ಲಿ ಸೋಸಿ, ಇನ್ನೂ ಅರ್ಧಕ್ಕೆ ಬತ್ತಿಸಿ, ಬಾಟಲಿಯಲ್ಲಿಡಿ. ಬ್ರಶ್ಶಿನಲ್ಲಿ ಹಚ್ಚುವಾಗ ಕೆಂಪು ಕಂದು. ತೆಳು ತುಕ್ಕು ಉಳಿದ ಜಾಗಕ್ಕೆ ತಾಗಿದ ಕೂಡಲೇ ಅಂಚಿನಿಂದ ನೇರಳೆ ಹಬ್ಬುತ್ತದೆ, ನಾಲ್ಕೈದು ನಿಮಿಷಕ್ಕೆ ಹಸಿ ಶಾಯಿ ಬಣ್ಣ, ಆರಿದ ಮೇಲೆ ಮಂಕು ಕಪ್ಪು. ಒಣಗಿಸಿ ಇನ್ನೊಂದು ಸಲ, ಮತ್ತೊಂದು ಸಲ. ಚೊಗರಿಗೆ ಇನ್ನೊಂದು ವಸ್ತು ಚಿಟಿಕೆ ಸೇರಿಸುತ್ತೇನೆ, ಕಪ್ಪು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದರ ಹೆಸರು ಬರೆಯುವುದಿಲ್ಲ. ಇಲ್ಲದಿದ್ದರೂ ಕೆಲಸ ಆಗುತ್ತದೆ.

ಚೊಗರು ಹಚ್ಚುವ ಭಾಗಕ್ಕೆ ಕೊನೆಯಲ್ಲಿ ಸೋಡಾ ನೀರು ಬೇಡ, ಕಪ್ಪು ಸರಿಯಾಗಿ ಹಿಡಿಯುವುದಿಲ್ಲ. ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಸುಮ್ನೆ ದಂಡ, ಮೇಲಿನ ಪದರ ಕಪ್ಪಾಗಿ ಅಡಿಯಲ್ಲಿ ತಿನ್ನುತ್ತಲೇ ಇರುತ್ತದೆ. ಚೊಗರೊಂದನ್ನೇ ನಂಬಿ ಮಳೆಗೆ ಬಿಡಲೂಬಾರದು, ಅದರ ಮೇಲೆ ಪ್ರೈಮರ್ ಅಥವಾ ಎಣ್ಣೆ ಬೇಕೇ ಬೇಕು. ಪರೀಕ್ಷೆಗೆ ಎರಡು ತಗಡಿನ ತುಂಡುಗಳನ್ನು ಕೊಟ್ಟಿಗೆ ಸೂರಿನಡಿ ತೂಗುಹಾಕಿದ್ದೆ. ಬರೀ ತೊಳೆದದ್ದು ಅವತ್ತೇ ಕೆಂಪಾಯಿತು. ಚೊಗರಿನದು ಶ್ರಾವಣ ಕಳೆಯುವವರೆಗೂ ತಡೆಯಿತು, ಅಂಚಿನಲ್ಲಿ ಮಾತ್ರ ಸ್ವಲ್ಪ. ಆಗುಂಬೆ ನಮ್ಮಿಂದ ದೂರ ಇಲ್ಲ, ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಅಲ್ಲಿ. ಇಲ್ಲಿ ತಡೆದದ್ದು ದಾವಣಗೆರೆಯಲ್ಲಿ ಎಷ್ಟು ದಿನ ತಡೆಯಬಹುದು ಲೆಕ್ಕ ಹಾಕಿ.

ಟ್ಯಾಂಕಿನೊಳಗೆ ಚೊಗರು ಹಾಕುತ್ತೀರಾ ಎಂದು ಒಬ್ಬರು ಕೇಳಿದರು. ಇಲ್ಲ. ಕಪ್ಪು ಪುಡಿ ಉದುರಿದರೆ ಕಾರ್ಬೊರೇಟರಿನ ಜೆಟ್ಟಿನ ಸಣ್ಣ ತೂತಿನಲ್ಲಿ ಕೂರುತ್ತದೆ. ಒಳಗೆ ಎಪಾಕ್ಸಿ ಲೈನರ್, ಅಂದರೆ ಗಟ್ಟಿ ಅಂಟಿನ ಪದರ, ಹಾಕಿಸುವವರಿದ್ದಾರೆ, ₹2,000 ಮೇಲೆ. ತೂತು ಬಿದ್ದ ಟ್ಯಾಂಕಿಗೆ ಅದೇ ಗತಿ. ಗಟ್ಟಿ ಟ್ಯಾಂಕಿಗೆ ನಾನು ಹಾಕಿಸಲ್ಲ. ಒಂದು ಕಡೆ ಎದ್ದರೆ ಹಾಳೆ ಹಾಳೆಯಾಗಿ ಬರುತ್ತದೆ, ಅದನ್ನು ತೆಗೆಯುವುದು ತುಕ್ಕಿಗಿಂತ ದೊಡ್ಡ ತಲೆನೋವು.

ಕ್ರೋಮ್ ರಿಮ್ಮಿಗೆ ಇದ್ಯಾವುದೂ ಬೇಡ. ಕಾಕಂಬಿಯಲ್ಲಿ ಅದ್ದಿದರೆ ಅಡಿಯಲ್ಲಿ ತುಕ್ಕು ಹಿಡಿದ ಕ್ರೋಮ್ ಸಿಪ್ಪೆಯಾಗಿ ಏಳುತ್ತದೆ, ಚೊಗರು ಕಲೆ ಬಿಡುತ್ತದೆ. ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರು ಅದ್ದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಎಣ್ಣೆ ಕೈ ಆಡಿಸಿದರೆ ಸಾಕು.

ಒಟ್ಟು ಖರ್ಚು: ಕಾಕಂಬಿ, ಸೋಡಾ, ಟೂ ಟಿ ಆಯಿಲ್, ವಾಷರ್, ಕ್ಯಾಮೆರಾ ಎಲ್ಲ ಸೇರಿ ₹1,800 ದಾಟಿಲ್ಲ. ಎರಡನೇ ಟ್ಯಾಂಕಿಗೆ ₹300 ಸಹ ಆಗಲಿಲ್ಲ. ಬಣ್ಣ ಸುಲಿದು ಬೆರೆತ ಕಾಕಂಬಿ ನೀರನ್ನು ತೋಟಕ್ಕೆ ಬಿಡಬೇಡಿ. ಬರೀ ಟ್ಯಾಂಕಿನೊಳಗಿನದಾದರೆ ಎಣ್ಣೆ ಇಲ್ಲದ್ದು ನೋಡಿಕೊಂಡು ಗೊಬ್ಬರ ಗುಂಡಿಗೆ ಹಾಕುತ್ತೇನೆ.

ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್ ಬರುತ್ತಿದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ನೀರಿನ ಜೊತೆ ತಳಕ್ಕಿಳಿದು ಕೂರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಅರ್ಧ ಟ್ಯಾಂಕ್ ಬಿಡಬೇಡಿ. ಒಂದೋ ಬಾಯಿಮಟ್ಟ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಆಯಿಲ್ ಹೊರಳಿಸಿ ಇಡಿ. ನಾನು ಖಾಲಿ ಮಾಡುತ್ತೇನೆ. ಕಾಕಂಬಿಗೆ ನಕ್ಕಿದ್ದ ಮೇಸ್ತ್ರಿ ಹೋದ ತಿಂಗಳು ಒಂದು ರಾಜದೂತ್ ಟ್ಯಾಂಕ್ ಬಸ್ಸಿಗೆ ಹಾಕಿ ಕಳಿಸಿದ್ದಾರೆ. ₹1,000 ಹೇಳಿದ್ದೇನೆ, ಹಂಡೆ ಸೌದೆ ಬೇರೆ.