ಪ್ರಯೋಗಾಲಯದ ಬೀಗದ ಕೈ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಕ್ರೈಸ್ತರ ತಪಸ್ಸುಕಾಲ (ಲೆಂಟ್) ಪ್ರತಿ ವರ್ಷವೂ ಬಿಡುವಿಲ್ಲದ ದಿನಗಳಲ್ಲೇ ಎದುರಾಗುತ್ತದೆ. ಹಣೆಗೆ ಬೂದಿ ಇಡುವ ವಿಭೂತಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ ಭಾನುವಾರಗಳನ್ನು ಬಿಟ್ಟು ಎಣಿಸುವ ಆ ನಲವತ್ತು ದಿನಗಳಲ್ಲೇ ಪೂರ್ವಸಿದ್ಧತಾ ಪರೀಕ್ಷೆ, ಆಂತರಿಕ ಅಂಕಗಳ ದಾಖಲೆ, ಹತ್ತನೆಯ ತರಗತಿಯ ವಿಶೇಷ ತರಗತಿಗಳು ಎಲ್ಲವೂ ಬಂದು ಕೂರುತ್ತವೆ. 2024ರಲ್ಲಂತೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾದದ್ದೇ ಪಾಸ್ಖಕ್ಕೆ ಮುಂಚಿನ ಪವಿತ್ರ ವಾರದ ಸೋಮವಾರ, ಮಾರ್ಚ್ 25ರಂದು.

ಆ ವರ್ಷ ನಾನು ಹಾಕಿಕೊಂಡಿದ್ದ ಯೋಜನೆ ಬಹಳ ದೊಡ್ಡದಾಗಿತ್ತು. ಬೆಳಗಿನ ನಾಲ್ಕೂವರೆಗೆ ಎದ್ದು ಬೈಬಲಿನ ಒಂದು ಅಧ್ಯಾಯ, ರಾತ್ರಿ ಒಂದು ಪೂರ್ತಿ ಜಪಸರ, ಶುಕ್ರವಾರ ಸಂಜೆ ದೇವಾಲಯದಲ್ಲಿ ಶಿಲುಬೆಯ ಹಾದಿ, ಅಂದರೆ ಯೇಸುವಿನ ಯಾತನೆಯ ಹದಿನಾಲ್ಕು ಸ್ಥಳಗಳನ್ನು ಒಂದೊಂದಾಗಿ ನೆನೆಯುವ ಪ್ರಾರ್ಥನೆ. ಒಂಬತ್ತನೆಯ ದಿನ ಜಪಸರ ಕೈಯಲ್ಲಿರುವಾಗಲೇ ಉತ್ತರ ಪತ್ರಿಕೆಗಳ ಕಟ್ಟಿನ ಮೇಲೆ ತಲೆಯಿಟ್ಟು ನಿದ್ದೆಹೋದೆ. ಶುಕ್ರವಾರಗಳನ್ನು ವಿಶೇಷ ತರಗತಿಗಳು ನುಂಗಿದವು. ಪಾಸ್ಖಕ್ಕೆ ಮುಂಚೆ ಪಾಪನಿವೇದನೆಗೆ ಹೋದಾಗ ಇದನ್ನೇ ಹೇಳಿಕೊಂಡೆ. ಚರ್ಚಿನ ಗುರುಗಳು ಸಮಾಧಾನವನ್ನೇನೂ ಹೇಳಲಿಲ್ಲ, "ನಿಮ್ಮ ಶಾಲೆಯಲ್ಲಿ ಬಾಗಿಲಿರುವ ಒಂದು ಕೋಣೆಯೂ ಇಲ್ಲವೇನಮ್ಮಾ?" ಎಂದು ಮಾತ್ರ ಕೇಳಿದರು. ವಿಭೂತಿ ಬುಧವಾರದಂದು ಓದುವ, ಬೈಬಲಿನ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ಪ್ರಾರ್ಥಿಸುವವನು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಲಿ ಎಂಬ ಮಾತಿದೆಯಷ್ಟೆ. ಅವರು ಕೇಳಿದ್ದು ಆ ಬಾಗಿಲನ್ನು ಕುರಿತು.

ಕೋಣೆ ಇತ್ತು. 2025ರ ವಿಭೂತಿ ಬುಧವಾರವಾದ ಮಾರ್ಚ್ 5ರಿಂದ, ಬಸ್ಸಿಳಿದ ಕೂಡಲೇ ಸಿಬ್ಬಂದಿ ಕೊಠಡಿಗೆ ಹೋಗದೆ, ಅಟೆಂಡರ್ ಬಳಿ ಬೀಗದ ಕೈ ಇಸಿದುಕೊಂಡು ಪ್ರಯೋಗಾಲಯಕ್ಕೆ ಹೋಗಲಾರಂಭಿಸಿದೆ. ಶಾಲೆಯ ಪ್ರಾರ್ಥನೆಯ ಗಂಟೆ ಹೊಡೆಯುವುದಕ್ಕೆ ಮುಂಚಿನ ಹದಿನೈದು ನಿಮಿಷ ನನ್ನದು. ಮೊಬೈಲನ್ನು ಬೀರುವಿನಲ್ಲಿ, ಬೀಕರುಗಳ ಪಕ್ಕದಲ್ಲಿ ಇಟ್ಟುಬಿಡುತ್ತಿದ್ದೆ. "ತುರ್ತಾಗಿ ಮಾಹಿತಿ ಸಲ್ಲಿಸಿ" ಎಂಬ ವಾಟ್ಸಾಪ್ ಸಂದೇಶಗಳು ಹದಿನೈದು ನಿಮಿಷ ತಡವಾದರೆ ಯಾವ ಅನಾಹುತವೂ ಆಗುವುದಿಲ್ಲ ಎಂಬುದು ನನಗೆ ಮೊದಲ ವಾರದಲ್ಲೇ ತಿಳಿಯಿತು. ಅಧ್ಯಾಯಗಟ್ಟಲೆ ಓದುವುದನ್ನು ಕೈಬಿಟ್ಟು ಆ ದಿನದ ಪೂಜೆಗೆ ನಿಗದಿಯಾದ ಶುಭಸಂದೇಶದ ಪಾಠವನ್ನಷ್ಟೇ ಓದಿ, ಅದರಲ್ಲಿ ಒಂದು ಸಾಲನ್ನು ನನ್ನ ದಿನಚರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ.

ಆ ಸಾಲು ತರಗತಿಯೊಳಗೂ ಹಿಂಬಾಲಿಸಿ ಬರುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ. ತಪಸ್ಸುಕಾಲದ ಮೊದಲ ವಾರದ ಮಂಗಳವಾರದ ಪಾಠ, ಪ್ರಾರ್ಥಿಸುವಾಗ ಮಾತುಗಳನ್ನು ಪೇರಿಸಬೇಡಿ ಎನ್ನುವುದು. ದಿನಕ್ಕೆ ಐದಾರು ಪೀರಿಯಡ್ ಮಾತನಾಡಿಯೇ ಬದುಕುವವಳಿಗೆ ಅದು ಸ್ವಲ್ಪ ಚುಚ್ಚಿತು. ಅಂದು ಎಂಟನೆಯ ತರಗತಿಯಲ್ಲಿ ಘರ್ಷಣೆಯ ಬಗ್ಗೆ ಪ್ರಶ್ನೆ ಕೇಳಿ, ಎಂದಿನಂತೆ ಉತ್ತರವನ್ನು ನಾನೇ ಹೇಳಿಬಿಡದೆ ಸುಮ್ಮನೆ ನಿಂತೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟರಲ್ಲಿ, ಕೊನೆಯ ಬೆಂಚಿನಲ್ಲಿ ಎಂದೂ ಬಾಯಿಬಿಡದಿದ್ದ ಹುಡುಗನೊಬ್ಬ ಎದ್ದು, "ಮಳೆ ಬಂದಾಗ ಅಪ್ಪ ಗಾಡಿ ನಿಧಾನ ಓಡಿಸ್ತಾರೆ ಮಿಸ್, ಅದಕ್ಕೇನಾ?" ಎಂದ. ಅದಕ್ಕೇ.

ಉಪವಾಸದ ವಿಷಯದಲ್ಲಿ ನನ್ನ ಅಹಂಕಾರ ಮುರಿದದ್ದೂ ಶಾಲೆಯಲ್ಲೇ. ನಮ್ಮ ಕಥೋಲಿಕ ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಒಂದು ಪೂರ್ತಿ ಊಟಕ್ಕೆ ಅಡ್ಡಿಯಿಲ್ಲ. ನಾನು ಅದಕ್ಕೆ ಕಾಫಿ ಬಿಡುವುದನ್ನು ಸೇರಿಸಿಕೊಂಡು, ಬಿಡುವಿನ ಹೊತ್ತಿನಲ್ಲಿ ಸಹೋದ್ಯೋಗಿಗಳ ಮುಂದೆ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಿದ್ದೆ. ಆ ವರ್ಷ ರಂಜಾನ್ ಕೂಡ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನೀರೂ ಕುಡಿಯದೆ ರೋಜಾ ಇಟ್ಟುಕೊಂಡು ವಿಶೇಷ ತರಗತಿ ಮುಗಿಯುವವರೆಗೂ ಕುಳಿತು ಲೆಕ್ಕ ಬಿಡಿಸುತ್ತಿದ್ದಳು. ಎರಡು ವಾರ ಅದು ನನ್ನ ಗಮನಕ್ಕೇ ಬಂದಿರಲಿಲ್ಲ, ಏಕೆಂದರೆ ಅವಳು ಯಾರಿಗೂ ಹೇಳಿರಲಿಲ್ಲ. ಗೊತ್ತಾದ ಮರುದಿನದಿಂದ ನನ್ನ ತಲೆನೋವಿನ ಮಾತು ನಿಂತಿತು. ಕಾಫಿಯ ದುಡ್ಡು ಚರ್ಚಿನ ತಪಸ್ಸುಕಾಲದ ಕಾಣಿಕೆ ಡಬ್ಬಿಗೆ ಹೋಯಿತು.

ಶುಕ್ರವಾರದ ಶಿಲುಬೆಯ ಹಾದಿ ಆ ವರ್ಷವೂ ಬಹುಪಾಲು ತಪ್ಪಿತು. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಎಲ್ಲರಿಗೂ ಒಪ್ಪಿಗೆಯಾಗಲಾರದು. ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಕೊಠಡಿ ಮೇಲ್ವಿಚಾರಣೆಗೆ ನಿಂತಾಗ ಓದುವಂತಿಲ್ಲ, ಬರೆಯುವಂತಿಲ್ಲ, ಮಾತನಾಡುವಂತಿಲ್ಲ. ಮಠದಲ್ಲೂ ಅಷ್ಟು ಮೌನ ಸಿಗುವುದು ಕಷ್ಟ. ಕಣ್ಣು ಮುಚ್ಚಿದರೆ ಕರ್ತವ್ಯಲೋಪ, ಜಪಸರ ತೆಗೆದರೆ ಮಕ್ಕಳ ಗಮನ ಕೆಡುತ್ತದೆ. ಹಾಗಾಗಿ ಬೆಂಚುಗಳ ಸಾಲುಗಳ ನಡುವೆ ನಡೆಯುತ್ತಲೇ ಹದಿನಾಲ್ಕು ಸ್ಥಳಗಳನ್ನು ಒಂದೊಂದಾಗಿ ನೆನೆಯುತ್ತಾ, ಒಂದೊಂದು ಸ್ಥಳಕ್ಕೂ ಎದುರಿಗಿದ್ದ ಮಗುವಿನ ಮುಖವನ್ನೇ ನೋಡುತ್ತಾ ಹೋದೆ. ವೆರೋನಿಕ ಯೇಸುವಿನ ಮುಖ ಒರೆಸುವ ಆರನೆಯ ಸ್ಥಳಕ್ಕೆ ಬಂದಾಗ, ಬೆವರಿದ ಅಂಗೈಯಿಂದ ಪೆನ್ನು ಜಾರುತ್ತಿದ್ದ ಹುಡುಗನೊಬ್ಬ ಅಂಗಿಯ ಚುಂಗಿಗೆ ಕೈಯುಜ್ಜುತ್ತಿದ್ದ. ಕರವಸ್ತ್ರ ಕೊಟ್ಟೆ. ಇದರಲ್ಲಿ ಅರ್ಥ ಹುಡುಕಿ ಹಿಗ್ಗುವುದು ಬೇಡವೆಂದು ನನಗೆ ನಾನೇ ಹೇಳಿಕೊಂಡೆ. ಫ್ಯಾನು ಕೆಟ್ಟಿತ್ತು, ಅಷ್ಟೆ.

ಹದಿನೈದು ನಿಮಿಷ ಎಲ್ಲ ದಿನವೂ ಸಿಗಲಿಲ್ಲ. ಮಾರ್ಚ್ 21ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದ ಮೇಲೆ ಕೆಲವು ದಿನ ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ, ನಾಲ್ಕು ದಿನ ಅದೂ ಆಗಲಿಲ್ಲ. ತಪ್ಪಿದ್ದನ್ನು ಮರುದಿನಕ್ಕೆ ಸೇರಿಸಿ ತೀರಿಸುವ ಹಳೆಯ ಚಾಳಿಯನ್ನು ಮಾತ್ರ ಬಿಟ್ಟೆ; 2024ರಲ್ಲಿ ನನ್ನನ್ನು ಕೆಡವಿದ್ದು ಆ ಬಾಕಿ ಲೆಕ್ಕವೇ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ನಾನು ನೇರವಾಗಿ ಸಿಬ್ಬಂದಿ ಕೊಠಡಿಯ ಕಡೆಗೆ ನಡೆದಿದ್ದೆ. ಅಟೆಂಡರ್ ಹಿಂದಿನಿಂದ ಕೂಗಿ, "ಮೇಡಂ, ಕೀ ಬೇಡ್ವಾ?" ಎಂದರು.