ಕಿಸೆಯ ಪೀಶಕತ್ತಿಗೆ ಸ್ಪ್ರಿಂಗ್ ಬೇಕೇ?

ಏಣಿ ಹತ್ತಿ ಒಳ್ಳೆಮೆಣಸಿನ ಬಳ್ಳಿ ಕಟ್ಟುವಾಗ ಖಾಲಿ ಸಿಗುವುದು ಒಂದೇ ಕೈ. ಪೈಪಿನ ಜಾಯಿಂಟು ಸೋರುವಲ್ಲಿ ಸೈಕಲ್ ಟ್ಯೂಬು ಬಿಗಿದು ಹಿಡಿದುಕೊಂಡು ಉಳಿದ ತುದಿ ಕೊಯ್ಯುವಾಗಲೂ ಅಷ್ಟೆ. ಉಗುರು ಸಿಕ್ಕಿಸಿ ಎರಡು ಕೈಯಲ್ಲಿ ಬಿಡಿಸುವ ಮಡಚು ಪೀಶಕತ್ತಿ ಅಲ್ಲಿ ಉಪಯೋಗಕ್ಕೆ ಬಾರದು. ಹಲ್ಲಿನಲ್ಲಿ ಕಚ್ಚಿ ಬಿಡಿಸುವವರಿದ್ದಾರೆ, ನೋಡುವಾಗಲೇ ಮೈ ಜುಮ್ಮೆನ್ನುತ್ತದೆ. ಒಂದೇ ಬೆರಳಿಗೆ ತೆರೆಯುವ ಸ್ಪ್ರಿಂಗ್ ಸಹಾಯದ ಚಾಕು, ಅಸಿಸ್ಟೆಡ್ ಓಪನಿಂಗ್ ಎಂದು ಮಾರುವಂಥದ್ದು, ನಮ್ಮ ಕಾಸರಗೋಡು ಕಡೆಯ ಅಡಿಕೆ, ತೆಂಗಿನ ತೋಟಕ್ಕೆ ಹೊಂದುತ್ತದೆಯೇ, ಹೊಂದುವುದಾದರೆ ಯಾವುದು ಎಂದು ಆರಿಸುವಾಗ ನಾನು ನೋಡುವ ಸಂಗತಿಗಳನ್ನು ಬರೆಯುತ್ತೇನೆ. ಮಾರುವವನು ಟಕ್ಕೆಂದು ತೆರೆದು ತೋರಿಸುತ್ತಾನೆ. ತೆರೆಯುವುದರಲ್ಲಿ ಎಲ್ಲವೂ ಚಂದವೇ. ಮುಚ್ಚುವಾಗ ಮತ್ತು ತೊಳೆಯುವಾಗ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗುತ್ತದೆ.

ಈ ಚಾಕುವನ್ನು ಬಟನ್ ಚಾಕು ಎಂದು ತಿಳಿಯುವವರೇ ಹೆಚ್ಚು. ಒಳಗಿನ ಕೆಲಸ ಬೇರೆ. ಬಟನ್ ಚಾಕುವಿನಲ್ಲಿ ಸ್ಪ್ರಿಂಗು ಅಲಗನ್ನು ಸದಾ ಹೊರಗೆ ದೂಡುತ್ತಾ ಇರುತ್ತದೆ, ಒಂದು ಕೊಂಡಿ ತಡೆದು ಹಿಡಿದಿರುತ್ತದೆ. ಹಿಡಿಯ ಮೇಲಿನ ಬಟನ್ ಒತ್ತಿದರೆ ಕೊಂಡಿ ಬಿಡುತ್ತದೆ. ಅಸಿಸ್ಟೆಡ್ ಚಾಕು ಮುಚ್ಚಿರುವಾಗ ಸ್ಪ್ರಿಂಗು ಅಲಗನ್ನು ಒಳಗೇ ಒತ್ತಿ ಹಿಡಿಯುತ್ತದೆ. ಅಲಗಿನ ಬುಡದಿಂದ ಹಿಡಿಯ ಬೆನ್ನಿಗೆ ಚಾಚಿದ ಸಣ್ಣ ಕಿವಿಯನ್ನು, ಅಂದರೆ ಫ್ಲಿಪ್ಪರನ್ನು, ತೋರುಬೆರಳಲ್ಲಿ ಒತ್ತಬೇಕು. ಅಲಗು ಸ್ವಲ್ಪ ದೂರ ನಿಮ್ಮ ಬಲದಿಂದಲೇ ಬರುತ್ತದೆ. ಒಂದು ಬಿಂದು ದಾಟಿದ ಮೇಲೆ ಅದೇ ಸ್ಪ್ರಿಂಗು ದಿಕ್ಕು ಬದಲಿಸಿ ಹೊರಗೆ ದೂಡುತ್ತದೆ. ಹಾಗಾಗಿ ಸುಮ್ಮನೆ ಕಿಸೆಯಲ್ಲಿ ಬಿದ್ದಿದ್ದರೆ ತೆರೆಯದು. ಆದರೆ ಫ್ಲಿಪ್ಪರಿಗೆ ಬೀಗದ ಕೈಯ ಗೊಂಚಲು ಸಿಕ್ಕಿಕೊಂಡು ಆ ಬಿಂದು ದಾಟಿತೋ, ಉಳಿದ ಕೆಲಸ ಸ್ಪ್ರಿಂಗು ಮುಗಿಸಿಬಿಡುತ್ತದೆ.

ಸ್ಪ್ರಿಂಗಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ತಿರುಚು ಕಂಬಿ, ಟಾರ್ಷನ್ ಬಾರ್: ಹಿಡಿಯ ಒಳಗೆ ಉದ್ದಕ್ಕೆ ಮಲಗಿದ ಬಾಗಿದ ತಂತಿ, ಅದರ ಒಂದು ತುದಿ ಹಿಡಿಯ ತಗಡಿನಲ್ಲಿ, ಇನ್ನೊಂದು ಅಲಗಿನ ಬುಡದಲ್ಲಿ. ಕರ್ಷಾ ಕಂಪೆನಿಯ ಸ್ಪೀಡ್‌ಸೇಫ್ ಈ ಬಗೆಯದ್ದು. ಇನ್ನೊಂದು, ತಿರುಗುವ ಸ್ಕ್ರೂವಿನ ಸುತ್ತ ಕೂತಿರುವ ಸುರುಳಿ ಸ್ಪ್ರಿಂಗು. ನನ್ನ ಒಲವು ಕಂಬಿಯ ಕಡೆಗೆ. ಸುರುಳಿಯ ಸಂದಿನಲ್ಲಿ ಮುರಕಲ್ಲಿನ ಕೆಂಪು ಧೂಳು ಹೊಕ್ಕರೆ ಬಿಚ್ಚದೆ ಹೊರಗೆ ಬರುವುದಿಲ್ಲ. ಬಿಚ್ಚಿದರೆ ಸುರುಳಿಯನ್ನು ಮೊದಲಿನ ಬಿಗಿಗೆ ಕೂರಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಕಂಬಿ ಮುರಿಯುವುದು ಸಾಮಾನ್ಯವಾಗಿ ಬಾಗಿದ ಜಾಗದಲ್ಲಿ. ಹೊಸ ಕಂಬಿ ಹಾಕುವುದು ಹತ್ತು ನಿಮಿಷದ ಕೆಲಸ. ಮುರಿದ ಮೇಲೂ ಅಲಗು ಕೈಯಿಂದ ತೆರೆಯುತ್ತದೆ, ಬೀಗವೂ ಬೀಳುತ್ತದೆ. ಅದರಿಂದಲೇ ಜನ ಹಾಗೆಯೇ ಇಟ್ಟುಕೊಳ್ಳುತ್ತಾರೆ. ಅದು ತಪ್ಪು. ಅಲಗನ್ನು ಒಳಗೆ ಒತ್ತಿ ಹಿಡಿಯುತ್ತಿದ್ದದ್ದೂ ಅದೇ ಕಂಬಿ. ಕಂಬಿ ಹೋದ ಚಾಕುವನ್ನು ಮುಚ್ಚಿ, ಅಲಗಿನ ಬೆನ್ನು ಕೆಳಗೆ ಮಾಡಿ ಮೆಲ್ಲನೆ ಅಲ್ಲಾಡಿಸಿ ನೋಡಿ. ಅಲಗು ಜಾರಿ ಹೊರಗೆ ಇಣುಕಿದರೆ ಅದನ್ನು ಕಿಸೆಗೆ ಹಾಕಬಾರದು.

ಮುಚ್ಚುವುದನ್ನು ಹತ್ತಿರದಿಂದ ನೋಡೋಣ. ಹೆಚ್ಚಿನವು ಲೈನರ್ ಲಾಕ್: ಹಿಡಿಯೊಳಗಿನ ತಗಡಿನ ಒಂದು ಪಟ್ಟಿ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಮುಚ್ಚಬೇಕಾದರೆ ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಬದಿಗೆ ಸರಿಸಿ, ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಒತ್ತಬೇಕು. ಈಗ ಹೆಬ್ಬೆರಳು ಇರುವುದು ಅಲಗು ಬರುವ ದಾರಿಯಲ್ಲೇ. ಸಾದಾ ಚಾಕುವಿನಲ್ಲಿ ಅಲಗು ಸುಮ್ಮನೆ ಬರುತ್ತದೆ. ಇಲ್ಲಿ ಹಾಗಲ್ಲ; ಆರಂಭದಲ್ಲಿ ಸ್ಪ್ರಿಂಗು ಎದುರು ಒತ್ತುತ್ತದೆ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಳಗೆ ಎಳೆದುಕೊಳ್ಳುತ್ತದೆ. ಬೆರಳು ಕೊಯ್ಯುವುದು ಆ ಗಳಿಗೆಯಲ್ಲಿ. ಫ್ಲಿಪ್ಪರ್ ಇರುವ ಚಾಕುವಿನಲ್ಲಿ ಒಂದು ಅನುಕೂಲವಿದೆ: ಅಲಗು ಅರ್ಧ ಮಡಚುವಾಗ ಬಾಯಿಗಿಂತ ಮೊದಲು ಆ ಮೊಂಡು ಕಿವಿ ಹೆಬ್ಬೆರಳಿಗೆ ತಾಗುತ್ತದೆ. ತಾಗಿದಲ್ಲಿ ನಿಲ್ಲಿಸಿ. ಹೆಬ್ಬೆರಳನ್ನು ಹಿಡಿಯ ಹೊರಬದಿಗೆ ತನ್ನಿ. ಆಮೇಲೆ ಅಂಗೈಯಿಂದ ಬೆನ್ನು ಒತ್ತಿ ಮುಚ್ಚಿ. ಕೊಳ್ಳುವ ಮೊದಲು ಕೈಗೆ ಸ್ವಲ್ಪ ನೀರು ಹಚ್ಚಿಕೊಂಡು ಇದನ್ನು ನಿಧಾನಕ್ಕೆ ಹತ್ತು ಸಲ ಮಾಡಿ ನೋಡಬೇಕು. ಹಲಸಿನ ಮೇಣವೋ ಬಾಳೆಯ ಸೊನೆಯೋ ಮೆತ್ತಿದ ಕೈಯಲ್ಲಿ ಇದಕ್ಕಿಂತ ಕಷ್ಟವೇ ಆಗುವುದು.

ಬೀಗವನ್ನು ಕಣ್ಣಳತೆಯಲ್ಲೇ ಪರೀಕ್ಷಿಸಬಹುದು. ಪಟ್ಟಿ ಅಲಗಿನ ಬುಡದ ದಪ್ಪದ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಬಂದು ನಿಂತಿರಬೇಕು. ಅಂಚಿನಲ್ಲಿ ಮಾತ್ರ ನಿಂತರೆ ಜಾರುತ್ತದೆ. ಆಚೆ ಬದಿಯ ತಗಡಿಗೇ ಹೋಗಿ ತಾಗಿದರೆ ಆಗಲೇ ಸವೆದಿದೆ ಎಂದರ್ಥ. ಪಟ್ಟಿ 1.2 ಮಿ.ಮೀ.ಗಿಂತ ತೆಳುವಾದದ್ದನ್ನು ನಾನು ಕೊಳ್ಳುವುದಿಲ್ಲ. ಅಲಗು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆ ಆಟ ಕಂಡರೆ ಬೀಗದ ದೋಷ, ರಿಪೇರಿ ಇಲ್ಲ. ಎಡಬಲ ಅಲ್ಲಾಡಿದರೆ ತಿರುಗುವ ಸ್ಕ್ರೂ ಸಡಿಲ ಅಷ್ಟೆ, ಟಾರ್ಕ್ಸ್ ಎಂಬ ನಕ್ಷತ್ರದ ಮೊನೆಯ ಸ್ಕ್ರೂಡ್ರೈವರಿನಲ್ಲಿ ಬಿಗಿಮಾಡಬಹುದು. ಟಿ6 ಮತ್ತು ಟಿ8 ಅಳತೆಯವು ಇಟ್ಟುಕೊಂಡರೆ ಹೆಚ್ಚಿನವಕ್ಕೆ ಸಾಕು. ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಿಗಿ ಜಾಸ್ತಿಯಾದರೆ ಅಲಗು ಅರ್ಧದಲ್ಲಿ ನಿಂತುಬಿಡುತ್ತದೆ, ಜನ ಸ್ಪ್ರಿಂಗ್ ಸತ್ತಿತು ಎಂದುಕೊಳ್ಳುತ್ತಾರೆ. ಪದೇ ಪದೇ ಸಡಿಲವಾಗುವ ಸ್ಕ್ರೂವಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ಹಿಡಿದಿಡುವ ಅಂಟು, ಸೂಜಿಮೊನೆಯಷ್ಟು ಹಾಕಿ. ಕೆಂಪಿನದ್ದು ಹಾಕಬೇಡಿ, ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ.

ಉಕ್ಕಿನ ವಿಷಯಕ್ಕೆ ನಮ್ಮ ಊರಿನ ಹವೆಯೇ ತೀರ್ಪುಗಾರ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಕರಾವಳಿಯ ಉಪ್ಪುಗಾಳಿ, ಬೆವರು, ಎಳನೀರು, ಅದರ ಮೇಲೆ ಅಡಿಕೆಯ ಚೊಗರು. ಮಚ್ಚು, ಮೆಟ್ಟುಕತ್ತಿಗಳಿಗೆ ಕಾರ್ಬನ್ ಉಕ್ಕು ಸರಿ. ಕಪ್ಪಾದರೂ ಒರೆಸಿ ಎಣ್ಣೆ ಹಚ್ಚಿದರೆ ಮುಗಿಯಿತು. ಮಡಚುವ ಚಾಕುವಿನ ಒಳಗೆ ಬಟ್ಟೆ ಹೋಗುವುದಿಲ್ಲ, ತುಕ್ಕು ಹಿಡಿಯುವುದು ಕಣ್ಣಿಗೆ ಕಾಣದ ತಿರುಗಣೆಯಲ್ಲಿ. ಡಿ2 ಎಂಬ ಉಕ್ಕು ಬೆಲೆಗೆ ಹೋಲಿಸಿದರೆ ಹರಿತ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಆದರೆ ಅದರಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಬಹುಪಾಲು ಕಾರ್ಬನ್ನಿನ ಜೊತೆ ಕಟ್ಟಿಕೊಂಡಿರುತ್ತದೆ, ತುಕ್ಕು ತಡೆಯಲು ಬಿಡುವಿರುವುದು ಕಡಿಮೆ. ಆಟಿ ತಿಂಗಳಲ್ಲಿ ಒದ್ದೆ ಕಿಸೆಯಲ್ಲಿ ಎರಡು ದಿನ ಇಟ್ಟರೆ ಚುಕ್ಕೆ ಏಳುತ್ತದೆ. 14ಸಿ28ಎನ್ ಎಂಬ ಸ್ಟೈನ್‌ಲೆಸ್ ಉಕ್ಕು ನಮಗೆ ಸರಿಯಾದದ್ದು: ಕಾರ್ಬನ್ ಸುಮಾರು 0.62, ಕ್ರೋಮಿಯಂ 14 ಶೇಕಡಾ, ಜೊತೆಗೆ ತುಸು ನೈಟ್ರೋಜನ್. ತುಕ್ಕು ಬೇಗ ಹಿಡಿಯದು, ಸಾಮಾನ್ಯ ಕಲ್ಲಿನಲ್ಲೇ ಹರಿತವಾಗುತ್ತದೆ. ಕರ್ಷಾ ಲೀಕ್ ಎಂಬ ಚಾಕುವಿನಲ್ಲಿ ಬರುವುದು ಇದೇ ಉಕ್ಕು. ಅದಕ್ಕಿಂತ ಅಗ್ಗಕ್ಕೆ ಹೋಗುವುದಾದರೆ ಚೀನಾದ 8ಸಿಆರ್13ಎಂಒವಿ ಪರವಾಗಿಲ್ಲ. ಹರಿತ ಬೇಗ ಹೋಗುತ್ತದೆ, ಬೇಗ ಬರುತ್ತದೆ. ಅಲಗಿನ ಮೇಲೆ ಬರೇ ‘ಸ್ಟೈನ್‌ಲೆಸ್’ ಎಂದು ಬರೆದು ಉಕ್ಕಿನ ಹೆಸರು ಹೇಳದ ಚಾಕುವನ್ನು ಅಲ್ಲೇ ಬಿಟ್ಟು ಬನ್ನಿ.

ಇಲ್ಲಿ ಒಂದು ಅಡ್ಡಮಾತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮಾಡುವಾಗ, 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ಪಾಕ ಸರಿಯಾಯಿತೇ ಎಂದು ಚೂರಿ ಅದ್ದಿ ನೋಡುವ ಕ್ರಮ ಇದೆಯಲ್ಲ, ಅದಕ್ಕೆ ಈ ಚಾಕು ಬೇಡ. ಉಜ್ಜಿ ಹೊಳಪು ಮಾಡಿದ ಸಾದಾ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಗೊತ್ತಾಗುತ್ತದೆ. ಸ್ಟೈನ್‌ಲೆಸ್ ಅಲಗಿನ ಮೇಲಿನ ಪೊರೆ ಅದನ್ನು ತಡೆಯಬಹುದು. ಕೆಂಪು ಕಾಣಲಿಲ್ಲವೆಂದು ಮದ್ದು ಬಿಟ್ಟರೆ ಸುಡುವುದು ಹಿಂಗಾರ, ಎಳೆಕಾಯಿ. ಆ ಕೆಲಸಕ್ಕೆ ಹಳೇ ಕತ್ತಿಯ ತುಂಡೇ ಸಾಕು. ಮದ್ದಿನ ಕೈಯಲ್ಲಿ ಕಿಸೆಯ ಚಾಕು ಮುಟ್ಟಿದ್ದರೆ ಅದೇ ದಿನ ತೊಳೆಯಬೇಕು, ಸುಣ್ಣ ಒಣಗಿ ತಿರುಗಣೆಯಲ್ಲಿ ಗಾರೆಯಂತೆ ಕೂರುತ್ತದೆ.

ಅಲಗಿನ ಉದ್ದ 7 ಸೆಂ.ಮೀ., ಬೆನ್ನಿನ ದಪ್ಪ 2.5ರಿಂದ 3 ಮಿ.ಮೀ. ಇದ್ದರೆ ಗೋಣಿಯ ಹೊಲಿಗೆ, ಪ್ಲಾಸ್ಟಿಕ್ ಬಳ್ಳಿ, 16 ಮಿ.ಮೀ. ಡ್ರಿಪ್ ಪೈಪು, ಗೊಬ್ಬರದ ಚೀಲ, ಬಾಳೆಗೊನೆ ಕಟ್ಟಿದ ಹಗ್ಗ, ಎಲ್ಲಕ್ಕೂ ಆಯಿತು. ಅರ್ಧ ಗರಗಸದ ಹಲ್ಲಿರುವ ಅಲಗು ಬೇಡ, ಮಸೆಕಲ್ಲಿಗೆ ಬಗ್ಗುವುದಿಲ್ಲ. ಹಿಡಿಗೆ ಜಿ10, ಅಂದರೆ ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಗಟ್ಟಿ ಮಾಡಿದ ಹಲಗೆ, ಅಥವಾ ಗಾಜಿನ ನಾರು ಬೆರೆಸಿದ ನೈಲಾನ್ ಒಳ್ಳೆಯದು. ನುಣ್ಣನೆಯ ಲೋಹದ ಹಿಡಿ ಬೆವರಿಗೆ ಜಾರುತ್ತದೆ. ಬಣ್ಣ ಕೇಸರಿ ಇರಲಿ. ಕಪ್ಪು ಹಿಡಿಯ ಚಾಕು ಅಡಿಕೆ ಮರದ ಬುಡದ ಸೊಪ್ಪಿನಲ್ಲಿ ಬಿದ್ದರೆ ಮುಂದಿನ ಗೊಬ್ಬರ ಹಾಕುವಾಗಲೇ ಸಿಗುವುದು.

ಪ್ಯಾಂಟಿನ ಕಿಸೆಗೆ ಕ್ಲಿಪ್ಪು ಸಿಕ್ಕಿಸುವಾಗ ಮೊನೆ ಮೇಲಾಗಿ, ಅಲಗಿನ ಬೆನ್ನು ಕಿಸೆಯ ಹಿಂದಿನ ಹೊಲಿಗೆಗೆ ಒತ್ತಿಕೊಂಡಿರಬೇಕು. ಆಗ ಅಲಗು ತೆರೆಯಲು ಹೊರಟರೂ ಹೊಲಿಗೆ ತಡೆಯುತ್ತದೆ. ನಮ್ಮಲ್ಲಿ ತೋಟಕ್ಕೆ ಪ್ಯಾಂಟು ಹಾಕಿ ಇಳಿಯುವವರು ಎಷ್ಟು ಮಂದಿ? ಲುಂಗಿಯ ಸೊಂಟದ ಮಡಿಕೆಯಲ್ಲಿ ಸ್ಪ್ರಿಂಗ್ ಚಾಕು ಸಿಕ್ಕಿಸಬಾರದು. ಬಗ್ಗಿದಾಗ ಬಟ್ಟೆ ಎಳೆದು ಫ್ಲಿಪ್ಪರಿಗೆ ಒತ್ತಡ ಬೀಳುತ್ತದೆ, ಆ ಜಾಗದಲ್ಲಿ ಅಲಗು ತೆರೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಒಳಚಡ್ಡಿಯ ಜಿಪ್ಪಿನ ಕಿಸೆಯೇ ಕ್ಷೇಮ. ಇಲ್ಲವೆಂದರೆ ಮುಚ್ಚಿದ ಅಲಗಿನ ಮೊನೆಗೆ ಅಡ್ಡ ಸರಿಯುವ ಚಿಕ್ಕ ಚಿಲಕ ಇರುವ ಚಾಕುವನ್ನೇ ಆರಿಸಿ. ಲೀಕ್‌ನಲ್ಲಿ ಅಂಥದ್ದಿದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೊಳೆಯುತ್ತೇನೆ. ಅಲಗು ತೆರೆದಿಟ್ಟು, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿರುಗಣೆಯ ಸಂದು, ಬೀಗದ ಪಟ್ಟಿ ಉಜ್ಜಬೇಕು. ಒಳ್ಳೇ ನೀರಲ್ಲಿ ಜಾಲಿಸಿ, ಪಂಕ್ಚರ್ ಅಂಗಡಿಯ ಗಾಳಿ ಸಿಕ್ಕಿದರೆ ಊದಿಸಿ, ಇಲ್ಲದಿದ್ದರೆ ಬಿಸಿಲಿಗಿಡಿ. ಆಮೇಲೆ ತಿರುಗಣೆಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ತೊಟ್ಟು. ಇಪ್ಪತ್ತು ಸಲ ತೆರೆದು ಮುಚ್ಚಿ, ಹೊರಗೆ ಬಂದ ಎಣ್ಣೆ ಒರೆಸಿ. ಒರೆಸದಿದ್ದರೆ ಮುರಕಲ್ಲಿನ ಧೂಳಿಗೆ ನೀವೇ ಅಂಟು ಹಚ್ಚಿ ಕೊಟ್ಟ ಹಾಗೆ. ತೆಂಗಿನೆಣ್ಣೆ ಕೈಗೆಟಕುವಲ್ಲೇ ಇರುತ್ತದೆ, ಆದರೆ ಒಳಗೆ ಹಾಕಬಾರದು. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಕಾಣುವುದಿಲ್ಲವೇ, ಚಾಕುವಿನೊಳಗೂ ಅದೇ. ಹಳತಾದರೆ ಜಿಗುಟು. ಅಲಗಿನ ಹೊರಮೈಗೆ ಮಾತ್ರ ಹಚ್ಚಿ ಹಲಸು ಕೊಯ್ದರೆ ಮೇಣ ಹಿಡಿಯದು.

ಹರಿತ ಮಾಡಲು 400 ಮತ್ತು 1000 ನಂಬರಿನ ಮಸೆಕಲ್ಲು ಸಾಕು. 2 ಸೆಂ.ಮೀ. ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ 7 ಮಿ.ಮೀ. ಎತ್ತಿದರೆ ಸರಿಸುಮಾರು 20 ಡಿಗ್ರಿ. ಒಂದು ಬದಿ ತಿಕ್ಕಿ, ಆಚೆ ಬದಿಗೆ ಉಗುರಿಗೆ ಸಿಗುವ ಗರಿ ಎದ್ದ ಮೇಲೆ ಮಗ್ಗುಲು ಬದಲಿಸಿ. ಗರಿ ಏಳದೆ ಬದಲಿಸಿದರೆ ಎಷ್ಟು ತಿಕ್ಕಿದರೂ ಹರಿತವಾಗದು. ಕೊನೆಗೆ ಹಳೇ ಬೆಲ್ಟಿನ ಒಳಮೈಗೆ ಹಿಮ್ಮುಖವಾಗಿ ಎಳೆಯಿರಿ. ಕರೆಂಟಿನ ಸಾಣೆಚಕ್ರಕ್ಕೆ ಕೊಡಲೇಬೇಡಿ. ತೆಳು ಬಾಯಿ ಕ್ಷಣದಲ್ಲಿ ಕಾದು ಹದ ಹೋಗುತ್ತದೆ.

ಕಾನೂನಿನ ಮಾತು ಬಿಡಲಾಗದು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ 2016ರಲ್ಲಿ ಬಂದ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಡುತ್ತವೆ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಯಂತ್ರದಿಂದ ತೆರೆದು ಮುಚ್ಚುವ ಚಾಕುವಿಗೆ ಬೇರೆಯೇ ಅಳತೆ ಇಟ್ಟಿದೆ: ಉದ್ದ 7.62 ಸೆಂ.ಮೀ., ಅಗಲ 1.72 ಸೆಂ.ಮೀ. 7 ಸೆಂ.ಮೀ.ಗೆ ನಿಲ್ಲಲು ನನಗೆ ಇದೂ ಒಂದು ಕಾರಣ. ಜಿಲ್ಲೆಯಲ್ಲಿ ನಿಷೇಧಾಜ್ಞೆ ಇರುವಾಗ, ಹಿಂದಿನ 144, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಕಲಂ, ಆಜ್ಞೆಯಲ್ಲಿ ಆಯುಧ ಒಯ್ಯಬಾರದೆಂದು ಇದ್ದರೆ ಅಳತೆಯ ವಾದ ನಡೆಯದು. ಟಕ್ಕೆಂದು ತೆರೆಯುವ ಚಾಕು ಕಂಡ ಪೊಲೀಸರಿಗೆ ಕಂಬಿ ಯಾವುದು, ಸುರುಳಿ ಯಾವುದು ಎಂದು ಪಾಠ ಹೇಳಲು ಹೋಗಬೇಡಿ. ಉತ್ಸವ, ಚುನಾವಣಾ ಸಭೆ, ಕೋರ್ಟು, ಇಲ್ಲಿಗೆ ಹೊರಟರೆ ಚಾಕು ಮನೆಯಲ್ಲಿರಲಿ. ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಡುವಾಗ ಕಿಸೆ ತಡವಿ ನೋಡಿ. ಕೈಚೀಲದಲ್ಲಿ ಸಿಕ್ಕಿದರೆ ತಪಾಸಣೆಯಲ್ಲೇ ಉಳಿಯುತ್ತದೆ. ಒಯ್ಯಲೇಬೇಕಿದ್ದರೆ ಚಿಲಕ ಹಾಕಿ, ಬಟ್ಟೆ ಸುತ್ತಿ, ಚೆಕ್-ಇನ್ ಪೆಟ್ಟಿಗೆಯ ತಳದಲ್ಲಿಡಿ.