ಪ್ರೈಮರಿ ಲೆಕ್ಕ: ನಾನು ಡೆಲಿಗೇಟ್ ಎಣಿಸಿದ ಬಗೆ

ಅಮೆರಿಕದ ಪ್ರೈಮರಿಯಲ್ಲಿ, ಅಂದರೆ ಒಂದೊಂದು ಪಕ್ಷ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಯಾರು ಅಭ್ಯರ್ಥಿ ಆಗುತ್ತಾರೆ ಅಂತ ಊಹಿಸೋಕೆ ಇಡೀ ದೇಶದ ಸಮೀಕ್ಷೆಯನ್ನು ನಾನು ನೋಡುವುದೇ ಇಲ್ಲ. ದೇಶ ಒಟ್ಟಿಗೆ ವೋಟು ಹಾಕುವುದಿಲ್ಲ, ಅಲ್ವಾ? ರಾಜ್ಯಗಳು ಬೇರೆ ಬೇರೆ ದಿನ ಹಾಕುತ್ತವೆ. ಕೊನೆಗೆ ಎಣಿಸುವುದು ಡೆಲಿಗೇಟ್‌ಗಳನ್ನು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನು.

ನಾನಿರುವುದು ನ್ಯೂಜೆರ್ಸಿಯಲ್ಲಿ, ವೀಸಾ ಮೇಲೆ. ವೋಟಿಲ್ಲ, ಹಾಗಾಗಿ ಎಕ್ಸೆಲ್ ಶೀಟೇ ಗತಿ. ಈ ಹುಚ್ಚು ಹಿಡಿಸಿದ್ದು 2008ರ ಡೆಮಾಕ್ರಟಿಕ್ ಪ್ರೈಮರಿಯ ಒಂದು ಲೆಕ್ಕ. ಫೆಬ್ರವರಿ 5ರಂದು ನಮ್ಮ ನ್ಯೂಜೆರ್ಸಿಯನ್ನು ಹಿಲರಿ ಕ್ಲಿಂಟನ್ ಗೆದ್ದರು, ಡೆಲಿಗೇಟ್ 59-48. ಅಂದರೆ 11ರ ಮುನ್ನಡೆ. ಅದೇ ದಿನ ಯಾರೂ ತಲೆ ಕೆಡಿಸಿಕೊಳ್ಳದ ಪುಟ್ಟ ಐಡಹೊದಲ್ಲಿ ಒಬಾಮ 15-3ರಲ್ಲಿ ಗೆದ್ದು 12ರ ಮುನ್ನಡೆ ತೆಗೆದುಕೊಂಡರು!

2020ರ ಡೆಮಾಕ್ರಟಿಕ್ ಪ್ರೈಮರಿಗೆ ಶೀಟಿನಲ್ಲಿ ರಾಜ್ಯಕ್ಕೊಂದು ಸಾಲು ಮಾಡಿದೆ: ತಾರೀಕು, ಡೆಲಿಗೇಟ್ ಎಷ್ಟು, ವೋಟು ಹಾಕುವವರು ಯಾರು, ಅಲ್ಲಿನ ಸಮೀಕ್ಷೆಯಲ್ಲಿ 15 ಶೇಕಡ ದಾಟುವವರು ಯಾರು. ಈ ಕೊನೆಯ ಕಾಲಮ್ಮೇ ಮುಖ್ಯ. ಡೆಮಾಕ್ರಟಿಕ್ ಪಕ್ಷದಲ್ಲಿ 15 ಶೇಕಡ ಮುಟ್ಟದವರಿಗೆ ಡೆಲಿಗೇಟ್ ಸಿಗುವುದಿಲ್ಲ, ಅವರ ಪಾಲೂ ದಾಟಿದವರಿಗೇ ಹೋಗುತ್ತದೆ.

ಫೆಬ್ರವರಿ 22ರಂದು ನೆವಾಡಾದಲ್ಲಿ ಬರ್ನಿ ಸ್ಯಾಂಡರ್ಸ್ ಭರ್ಜರಿಯಾಗಿ ಗೆದ್ದಾಗ ಟಿವಿಯಲ್ಲಿ ಎಲ್ಲ ಮುಗಿದೇ ಹೋಯಿತು ಅನ್ನುವ ಹಾಗೆ ಮಾತು. ನನ್ನ ಶೀಟು ನೋಡಿದರೆ ಅಯೋವಾ 41, ನ್ಯೂ ಹ್ಯಾಂಪ್‌ಶೈರ್ 24, ನೆವಾಡಾ 36, ಎಲ್ಲ ಸೇರಿ 101. ಒಟ್ಟು 3,979. ಮುಗಿದದ್ದು ಏನು ಸ್ವಾಮಿ? ಸೌತ್ ಕ್ಯಾರೊಲೈನಾದಲ್ಲಿ ಡೆಮಾಕ್ರಟಿಕ್ ವೋಟರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. 2016ರಲ್ಲಿ ಸ್ಯಾಂಡರ್ಸ್ ಅಲ್ಲಿ ಕ್ಲಿಂಟನ್ ಎದುರು ಹೀನಾಯವಾಗಿ ಸೋತಿದ್ದರು. ಅದರ ಬೆನ್ನಿಗೇ ಮಾರ್ಚ್ 3, ಸೂಪರ್ ಟ್ಯೂಸ್‌ಡೇ, ಅಂದರೆ ಹಲವು ರಾಜ್ಯಗಳು ಒಂದೇ ದಿನ ವೋಟು ಹಾಕುವ ಮಂಗಳವಾರ, ಒಟ್ಟು ಡೆಲಿಗೇಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ, ಅದರಲ್ಲೂ ಅಲಬಾಮಾ, ಟೆನೆಸ್ಸಿ, ನಾರ್ತ್ ಕ್ಯಾರೊಲೈನಾ, ವರ್ಜೀನಿಯಾ ಅಂತ ದಕ್ಷಿಣದ ರಾಜ್ಯಗಳ ಸಾಲು. ಕಪ್ಪು ವೋಟರ್‌ಗಳ ಒಲವು ಬೈಡನ್ ಕಡೆ ಇತ್ತು, ಹಾಗಾಗಿ ಅವರ ಹೆಸರಿನ ಪಕ್ಕ ಟಿಕ್ ಹಾಕಿದೆ. ಆಫೀಸಲ್ಲಿ ನಕ್ಕರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಸ್ಥಾನಕ್ಕೆ ಬಂದವರಲ್ವಾ ಅಂತ.

ಸೌತ್ ಕ್ಯಾರೊಲೈನಾದ ಪ್ರಭಾವಿ ಕಪ್ಪು ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಕೊಟ್ಟರು, ಫೆಬ್ರವರಿ 29ಕ್ಕೆ ಬೈಡನ್ ಸೌತ್ ಕ್ಯಾರೊಲೈನಾ ಗೆದ್ದರು. ಆಮೇಲಿನ ಎರಡು ದಿನದಲ್ಲಿ ಜೊತೆಗೆ ಸ್ಪರ್ಧಿಸುತ್ತಿದ್ದ ಬುಟಿಜೆಜ್, ಕ್ಲೋಬುಚಾರ್ ಇಬ್ಬರೂ ಕಣದಿಂದ ಹಿಂದೆ ಸರಿದರು. ಅವರ ವೋಟುಗಳನ್ನು ಆ ಜನರ ಎರಡನೇ ಆಯ್ಕೆ ನೋಡಿಕೊಂಡು ಹಂಚಿದೆ. ಇದನ್ನು ಮಾತ್ರ ಎಲ್ಲ ಕಡೆ ಒಂದೇ ಥರ ಮಾಡುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಜನ ಅಂಚೆ ವೋಟು ಮೊದಲೇ ಹಾಕಿ ಮುಗಿಸಿರುತ್ತಾರೆ, ಅವು ಕದಲುವುದಿಲ್ಲ. ಅಲ್ಲಿ ಸ್ಯಾಂಡರ್ಸ್ ಗೆದ್ದರು. 2016ರಲ್ಲಿ ಸ್ಯಾಂಡರ್ಸ್ ಗೆದ್ದಿದ್ದ ಮಿನ್ನೆಸೋಟ ಈ ಸಲ ಬೈಡನ್‌ಗೆ ಹೋಯಿತು. ಸೂಪರ್ ಟ್ಯೂಸ್‌ಡೇಯ 14 ರಾಜ್ಯಗಳಲ್ಲಿ 10 ಬೈಡನ್‌ದ್ದೇ.

ಇದೇ ಶೀಟನ್ನು ರಿಪಬ್ಲಿಕನ್ ಪಕ್ಷಕ್ಕೆ ಸುಮ್ನೆ ಕಾಪಿ ಮಾಡಬೇಡಿ. ಅಲ್ಲಿ ರಾಜ್ಯಕ್ಕೊಂದು ನಿಯಮ. 2016ರಲ್ಲಿ ಫ್ಲಾರಿಡಾದಲ್ಲಿ ಟ್ರಂಪ್‌ಗೆ ಬಿದ್ದ ವೋಟು ಅರ್ಧಕ್ಕಿಂತ ಕಡಿಮೆ, ಆದರೂ 99 ಡೆಲಿಗೇಟ್‌ಗಳೂ ಅವರಿಗೇ. 2024ಕ್ಕೆ ಕ್ಯಾಲಿಫೋರ್ನಿಯಾ ರಿಪಬ್ಲಿಕನ್ನರು ಅರ್ಧ ದಾಟಿದವರಿಗೆ 169 ಡೆಲಿಗೇಟ್‌ಗಳನ್ನೂ ಕೊಡುವ ನಿಯಮ ತಂದರು. ಹಾಗಾಗಿ ಆ ಶೀಟಿನಲ್ಲಿ ತಾರೀಕಿನ ಪಕ್ಕದ ಕಾಲಮ್ಮೇ ನಿಯಮದ್ದು. ಸಮೀಕ್ಷೆ ಅದಾದ ಮೇಲೆ.